ತಣ್ಣಗಾದ ಮೇಲೆ ಕಾಣುವ ಸೋರಿಕೆ

ಭಾನುವಾರ, ಮಾರ್ಚ್ ೯
ಬೆಳಿಗ್ಗೆ, ಅಡುಗೆಮನೆಯ ಮೇಜಿನಿಂದ

ರೀ,

ಹೀಗೆ ಕರೆದು ಆರು ವರ್ಷವಾಯಿತು. ಬರೆದಾದ ಮೇಲೆ ಆ ಒಂದೇ ಅಕ್ಷರವನ್ನು ನೋಡುತ್ತ ಸುಮಾರು ಹೊತ್ತು ಕೂತುಬಿಟ್ಟೆ. ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಯಿತು. ಬೇರೆ ಹೇಗೆ ಶುರು ಮಾಡಲಿ ಹೇಳಿ. ‘ಪ್ರಿಯರೇ’ ಎಂದರೆ ನೀವು ನಗುತ್ತೀರಿ. ‘ಮಾನ್ಯರೇ’ ಎಂದರೆ ಯಾವುದೋ ಕಂಪ್ರೆಸರ್ ಕಂಪನಿಯ ನೋಟಿಸು ಎಂದುಕೊಂಡು ಓದದೆಯೇ ಡ್ರಾಯರಿಗೆ ತುರುಕುತ್ತೀರಿ.

ಮೊದಲೇ ಹೇಳಿಬಿಡುತ್ತೇನೆ, ಗಾಬರಿ ಬೇಡ. ಯಾರಿಗೂ ಏನೂ ಆಗಿಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ. ಮಗಳು ಹೇಗಿದ್ದಾಳೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಿಮ್ಮಲ್ಲಿಗೆ ವಾರಕ್ಕೆರಡು ಸಲ ಬರುವವಳು ನನ್ನಲ್ಲಿಗೆ ಬರುವುದು ಬಟ್ಟೆ ಇಸ್ತ್ರಿ ಮಾಡಿಸಿಕೊಳ್ಳಬೇಕಾದಾಗ ಮಾತ್ರ. ವಿಷಯ ಬೇರೆ. ಆರು ವರ್ಷದ ಹಿಂದಿನ ಆ ಐಸ್‌ಕ್ರೀಂ ಗೋದಾಮಿನದು. ಅಲ್ಲಿ ಗ್ಯಾಸು ಸೋರಿದ್ದು ಯಾರ ಕೆಲಸದಿಂದ ಎಂಬುದನ್ನು ನನ್ನ ಕೈಯಿಂದಲೇ ಬರೆದು ನಿಮಗೆ ಮುಟ್ಟಿಸಬೇಕೆಂದು ಕೂತಿದ್ದೇನೆ. ನೇರವಾಗಿ ಬರೆಯಲು ಹೋಗಿ ಎರಡು ಹಾಳೆ ಹರಿದೆ. ಆದ್ದರಿಂದ ನನ್ನ ದಾರಿಯಲ್ಲೇ ಬರುತ್ತೇನೆ. ಇವಳು ಕೈ ಸುತ್ತಿ ಮೂಗು ಹಿಡಿಯುವವಳು ಎಂದು ನೀವೇ ಹೇಳುತ್ತಿದ್ದಿರಿ. ಕೊನೆಗೆ ಹಿಡಿಯುವುದು ಮೂಗನ್ನೇ ತಾನೇ, ಸ್ವಲ್ಪ ತಾಳ್ಮೆಯಿರಲಿ.

ನಾನು ಈಗಿರುವ ಪ್ರಯೋಗಾಲಯದಲ್ಲಿ ನನಗೇನು ಕೆಲಸ ಎಂದು ಮಗಳು ಹೇಳಿರುತ್ತಾಳೆ, ಅರ್ಧ ತಪ್ಪಾಗಿ. ಅಮ್ಮ ಕಂಪ್ಯೂಟರ್ ರಿಪೇರಿ ಮಾಡ್ತಾಳೆ ಎಂದು ಸ್ನೇಹಿತರಿಗೆಲ್ಲ ಸಾರಿದ್ದಾಳಂತೆ. ಕಂಪ್ಯೂಟರಿನ ಒಂದು ಗುಂಡಿ ಒತ್ತುವುದೂ ನನಗೆ ಬಾರದು. ನಾನು ಮಾಡುವುದು ನಮ್ಮದೇ ಕೆಲಸ: ಪೈಪು ಬೆಸೆಯುವುದು, ಗ್ಯಾಸು ತುಂಬುವುದು, ತಣ್ಣಗೆ ಮಾಡುವುದು. ಇಲ್ಲಿ ಫ್ರಿಜ್ಜಿನೊಳಗೆ ತರಕಾರಿಯ ಬದಲು ಕಂಪ್ಯೂಟರು ಇದೆ, ಅಷ್ಟೇ ವ್ಯತ್ಯಾಸ. ಅದರಲ್ಲಿ ಲೆಕ್ಕ ಮಾಡುವ ಬಿಲ್ಲೆ ಉಗುರಿನಗಲ. ಎಷ್ಟು ಸೂಕ್ಷ್ಮವೆಂದರೆ ಒಂಚೂರು ಬಿಸಿ ತಾಗಿದರೂ ಮಾಡುತ್ತಿದ್ದ ಲೆಕ್ಕವನ್ನೇ ಮರೆತುಬಿಡುತ್ತದೆ. ಹಾಗಾಗಿ ಅದನ್ನು ತಣ್ಣಗಿಡಬೇಕು. ಮಂಜುಗಡ್ಡೆಯ ತಣ್ಣಗಲ್ಲ, ಇದಕ್ಕಿಂತ ಕೆಳಗೆ ತಣ್ಣಗೆಂಬುದೇ ಇಲ್ಲ ಎನ್ನುವ ಕೊನೆಯ ಮೆಟ್ಟಿಲಿಗಿಂತ ಕೂದಲೆಳೆಯಷ್ಟು ಮೇಲೆ.

ಯಂತ್ರವನ್ನು ಮೇಲಿನಿಂದ ತೂಗುಹಾಕಿದ್ದಾರೆ. ಚಿನ್ನದ ಲೇಪವಿರುವ ತಾಮ್ರದ ತಟ್ಟೆಗಳು, ಒಂದರ ಕೆಳಗೊಂದು. ಕೆಳಗೆ ಹೋದಷ್ಟೂ ತಣ್ಣಗೆ. ಮೇಲಿನ ತಟ್ಟೆಗಳಿಗೆ ಒಂದು ಕಂಪ್ರೆಸರ್ ಇದೆ, ಬಿಡುವಿಲ್ಲದೆ ಟಿಸ್ ಟಿಸ್ ಎನ್ನುತ್ತಿರುತ್ತದೆ. ನಿಮ್ಮ ಕಿವಿಗೆ ಹಿಡಿಸುವ ಸದ್ದು. ಕೊನೆಯ ತಟ್ಟೆಗೆ ಮಾತ್ರ ಹೀಲಿಯಂ ಬೇಕು. ಹೀಲಿಯಂನಲ್ಲಿ ಎರಡು ಜಾತಿಯಂತೆ, ಭಾರದ್ದೊಂದು, ಹಗುರದ್ದೊಂದು. ಹಗುರದ್ದು ಭಾರದ್ದರೊಳಗೆ ಬೆರೆಯುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ, ಬೆವರು ಆರುವಾಗ ಮೈ ತಂಪಾಗುವ ಹಾಗೆ. ಆಮೇಲೆ ಪಂಪು ಅದನ್ನು ಹೊರಗೆಳೆದು ಮತ್ತೆ ಒಳಗೆ ಕಳಿಸುತ್ತದೆ. ಮದುವೆಯಾದ ಹೊಸದರಲ್ಲಿ ನೀವು ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ಕಲಿಸಿದ ಪಾಠವೇ: ಒಳಗಿನ ಬಿಸಿ ತೆಗಿ, ಹೊರಗೆ ಎಸಿ. ಇಲ್ಲಿನ ದೊಡ್ಡ ದೊಡ್ಡ ಓದಿನವರೆಲ್ಲ ಅದನ್ನೇ ಮಾಡುತ್ತಿದ್ದಾರೆ. ಇದನ್ನು ಕಂಡಾಗ ನಿಮಗೆ ಹೇಳಬೇಕೆನಿಸಿತ್ತು. ಹೇಳಲಿಲ್ಲ.

ಯಂತ್ರಕ್ಕೆ ಎಲ್ಲರೂ ಇಟ್ಟ ಹೆಸರು ಅತ್ತೆಮ್ಮ. ಬಿಸಿಯಾಗಲು ಒಂದು ಬೆರಳು ತಾಗಿದರೆ ಸಾಕು, ತಣ್ಣಗಾಗಲು ಎರಡು ದಿನ ಬೇಕು. ನಿಮ್ಮ ತಾಯಿಯ ನೆನಪಿನಲ್ಲಿ ನಾನಿಟ್ಟದ್ದೆಂದು ತಿಳಿಯಬೇಡಿ, ನಾನು ಸೇರುವ ಮೊದಲೇ ಇತ್ತು.

ನನ್ನ ಮೇಲಿನವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ದೊಡ್ಡ ಪದವಿ ಪಡೆದವಳಾದ್ದರಿಂದ ಡಾಕ್ಟರಮ್ಮ ಎನ್ನುತ್ತೇವೆ, ಜ್ವರಕ್ಕೆ ಮಾತ್ರೆ ಕೇಳಿದರೆ ಓಡಿಹೋಗುತ್ತಾಳೆ. ಪಂಪುಗಳನ್ನು ನೋಡಿಕೊಳ್ಳುವ ಹಿರಿಯರು ಪಂಪಣ್ಣ. ನಾನು ಬೆಸುಗೆ ಅಕ್ಕ. ನೀವಿಟ್ಟ ‘ಕಿಡಿ’ ಎಂಬ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ನಾನಿಲ್ಲಿ ಸುಖವಾಗಿದ್ದೇನೆ. ಬೆಳಿಗ್ಗೆ ಬೀಗ ತೆಗೆದು ಒಳಗೆ ಹೋಗಿ, ಆ ಟಿಸ್ ಟಿಸ್ ಕೇಳಿಸಿದರೆ ಸಾಕು, ಮನಸ್ಸು ಹಗುರಾಗುತ್ತದೆ. ನನ್ನ ಕೈಗೆ ತಕ್ಕ ಕೆಲಸ, ಕೆಲಸಕ್ಕೆ ತಕ್ಕ ಮರ್ಯಾದೆ ಎರಡೂ ಸಿಕ್ಕಿವೆ.

ಇನ್ನು ಒಂದು ಪುಸ್ತಕದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಪಂಪಿನ ಕೋಣೆಯ ಗೋಡೆಗೆ ದಾರದಲ್ಲಿ ಕಟ್ಟಿದ ದಪ್ಪ ನೋಟುಪುಸ್ತಕವೊಂದಿದೆ. ಯಾರ ಕೈಯಲ್ಲಿ ತಪ್ಪಾಯಿತೋ ಅವರೇ ಹೋಗಿ ದಿನಾಂಕ ಹಾಕಿ, ಏನಾಯಿತೆಂದು ಒಂದು ಸಾಲು ಬರೆದು, ಕೊನೆಗೆ ‘ನನ್ನದು’ ಎಂದು ಬರೆದು ಸಹಿ ಮಾಡಬೇಕು. ಕಾರಣ ಬರೆಯುವಂತಿಲ್ಲ, ಕ್ಷಮೆ ಕೇಳುವಂತಿಲ್ಲ, ಮುಖ್ಯವಾಗಿ ‘ಆದರೆ’ ಎಂಬ ಪದ ಬರಕೂಡದು. ಮೊದಲ ಪುಟದಲ್ಲಿ ಡಾಕ್ಟರಮ್ಮನದೇ ಸಹಿ. ಅಂಟುಪಟ್ಟಿಯ ಸುರುಳಿಯೊಂದನ್ನು ಯಂತ್ರದೊಳಗೇ ಬಿಟ್ಟು ಮುಚ್ಚಿದ್ದಳಂತೆ. ಪಂಪಣ್ಣನವು ಹನ್ನೊಂದಿವೆ, ಪದಕಗಳೆಂಬಂತೆ ತೋರಿಸುತ್ತಾರೆ. ನಾಲ್ಕು ವರ್ಷದಲ್ಲಿ ನನ್ನದು ಒಂದೂ ಇರಲಿಲ್ಲ. ಅದರ ಬಗ್ಗೆ ನನಗಿದ್ದ ಜಂಭವನ್ನು ನೀವು ಊಹಿಸಬಲ್ಲಿರಿ.

ಕಳೆದ ತಿಂಗಳು ಹೊಸ ಪೈಪುಗಳನ್ನು ಹಾಕಿದೆವು. ಇಪ್ಪತ್ತೆರಡು ಜಾಯಿಂಟು, ಅಷ್ಟೂ ನಾನೇ ಬೆಸೆದದ್ದು. ಹೀಲಿಯಂ ಮೂಸಿ ಪತ್ತೆಹಚ್ಚುವ ಯಂತ್ರವಿದೆ ಇಲ್ಲಿ, ಜಾಯಿಂಟಿಗೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವ ನಮ್ಮ ಸೋಪಿನ ನೊರೆಗಿಂತ ಸಾವಿರ ಪಾಲು ಚುರುಕು. ಒಂದೊಂದನ್ನೂ ಪರೀಕ್ಷಿಸಿದೆ, ಮುಳ್ಳು ಅಲ್ಲಾಡಲಿಲ್ಲ. ಮುಚ್ಚಿ ತಣ್ಣಗೆ ಮಾಡಿದೆವು. ಎರಡನೆಯ ದಿನ, ಇನ್ನೇನು ಕೆಳಗಿನ ತಟ್ಟೆ ಪೂರ್ತಿ ತಣ್ಣಗಾಗಬೇಕು ಎನ್ನುವಾಗ ಹೀಲಿಯಂ ಸೋರತೊಡಗಿತು. ಎರಡು ದಿನ ಕಾದು, ಬಿಸಿಗೆ ತಂದು ತೆರೆದು ನೋಡಿದರೆ ಎಲ್ಲಿಯೂ ಸೋರಿಕೆಯಿಲ್ಲ. ಮತ್ತೆ ಮುಚ್ಚಿದೆವು, ಮತ್ತೆ ಸೋರಿತು. ತೆರೆದರೆ ಮತ್ತೆ ಇಲ್ಲ. ಮೂರು ಸಲ ಹೀಗಾಯಿತು. ಪಂಪಣ್ಣ ತಮ್ಮ ಪಂಪುಗಳನ್ನೆಲ್ಲ ಬಿಚ್ಚಿ ಜೋಡಿಸಿದರು. ವಾಲ್ವು ಮಾಡಿದ ಕಾರ್ಖಾನೆಯವರನ್ನು ಬೈದೆವು. ಜಾಯಿಂಟಿನ ಮಾತು ಬಂದಾಗ ನಾನು ಎದ್ದು ನಿಂತು, ಒಂದೊಂದನ್ನೂ ಎಲ್ಲರ ಎದುರಿಗೇ ನೋಡಿದ್ದೀನಿ, ನನ್ನ ಕೆಲಸದಲ್ಲಿ ತಪ್ಪಿಲ್ಲ ಎಂದು ದನಿಯೆತ್ತಿ ಹೇಳಿದೆ.

ಹೇಳಿದ ಮೇಲೆ ಆ ದನಿ ನನಗೇ ಕೇಳಿಸಿತು. ಇದೇ ಮಾತನ್ನು, ಇದೇ ದನಿಯಲ್ಲಿ, ಹಿಂದೊಮ್ಮೆ ಎಲ್ಲಿ ಹೇಳಿದ್ದೆ ಎಂದು ನಿಮಗೆ ನೆನಪಿಸಬೇಕಾಗಿಲ್ಲ.

ಡಾಕ್ಟರಮ್ಮ ವಾದ ಮಾಡಲಿಲ್ಲ. ಅಕ್ಕ, ಕೆಲವು ಸೋರಿಕೆ ಬಿಸಿಯಲ್ಲಿ ಬಾಯಿ ಮುಚ್ಕೊಂಡಿರ್ತವೆ, ತಣ್ಣಗಾದ ಮೇಲೇ ಬಾಯಿ ಬಿಡೋದು ಎಂದಳು. ತಣ್ಣಗಾದಾಗ ಲೋಹ ಕುಗ್ಗುತ್ತದಲ್ಲ, ತಾಮ್ರ ಒಂದಳತೆ, ಉಕ್ಕು ಇನ್ನೊಂದಳತೆ; ಬೆಸುಗೆಯಲ್ಲಿ ಕೂದಲಿನಷ್ಟು ಹುಳುಕಿದ್ದರೂ ಆಗ ಬಿರಿಯುತ್ತದೆ, ಬಿಸಿಗೆ ತಂದರೆ ಮತ್ತೆ ಕೂಡಿಕೊಳ್ಳುತ್ತದೆ. ಪೈಪುಗಳನ್ನು ಕಳಚಿ, ಮೂಸುವ ಯಂತ್ರಕ್ಕೆ ಜೋಡಿಸಿ, ಒಂದೊಂದೇ ಜಾಯಿಂಟಿನ ಮೇಲೆ ದ್ರವ ನೈಟ್ರೋಜನ್ ಸುರಿಯುತ್ತ ಬಂದೆವು. ಬಿಳಿ ಹೊಗೆ ಎದ್ದು ಮೇಜಿನಿಂದ ನೆಲಕ್ಕೆ ಇಳಿಯುತ್ತಿತ್ತು. ಹದಿನಾರರವರೆಗೆ ಏನಿಲ್ಲ. ಹದಿನೇಳರ ಮೇಲೆ ಸುರಿದೆವು, ಮುಳ್ಳು ನೆಗೆಯಿತು. ತಾಮ್ರ ಉಕ್ಕಿಗೆ ಸೇರುವ ಜಾಗ. ಒಂದು ಮಗ್ಗುಲಿಗೆ ನಾನು ಶಾಖ ಕಡಿಮೆ ಕೊಟ್ಟಿದ್ದೆ.

ಹೋಗಿ ಪುಸ್ತಕದಲ್ಲಿ ಬರೆದೆ. ‘ಜಾಯಿಂಟು ಹದಿನೇಳು, ನನ್ನದು.’ ಸಹಿ ಹಾಕಿದೆ. ಈಗ ಏನೋ ಆಗುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ಡಾಕ್ಟರಮ್ಮ ಇಣುಕಿ ನೋಡಿ, ಊಟಕ್ಕೆ ಹೋಗೋಣ್ವಾ ಅಕ್ಕ, ಹೊಟ್ಟೆ ಹಸೀತಿದೆ ಎಂದಳು, ಅಷ್ಟೇ. ಪಂಪಣ್ಣ ಬೋಣಿಯಾಯ್ತಲ್ಲ ಎಂದು ಬೆನ್ನು ತಟ್ಟಿದರು. ಕ್ಯಾಂಟೀನಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ನಾನು ಅತ್ತುಬಿಟ್ಟೆ. ಖಾರ ಜಾಸ್ತಿಯಾಯ್ತಾ ಎಂದು ಪಂಪಣ್ಣ ನೀರಿನ ಲೋಟ ಸರಿಸಿದರು. ಹೌದು ಎಂದೆ. ಒಂದು ಪದ ಬರೆಯುವುದು ಇಷ್ಟು ಸುಲಭವಿತ್ತು, ಅದಕ್ಕೆ ಆರು ವರ್ಷ ಹಿಡಿಯಿತಲ್ಲ ಎಂದು ಅಳು ಬಂದಿತ್ತು.

ಈಗ ಗೋದಾಮಿಗೆ ಬರುತ್ತೇನೆ.

ಆ ಬೆಳಿಗ್ಗೆ ಬಾಗಿಲಿನ ಸಂದಿಯಿಂದ ಗುಲಾಬಿ, ಹಳದಿ, ಕಂದು ಬಣ್ಣದ ಹೊಳೆಗಳು ಅಂಗಳಕ್ಕೆ ಹರಿದದ್ದು, ಅಕ್ಕಪಕ್ಕದ ಬೆಕ್ಕುಗಳೆಲ್ಲ ಸಾಲಾಗಿ ಕೂತು ನೆಕ್ಕುತ್ತಿದ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ನೀವು ಯಂತ್ರದ ಹಿಂದಿನಿಂದ ಎದ್ದು ಬಂದು, ಜಾಯಿಂಟಿಂದ ಹೋಗಿದೆ ಎಂದಿರಿ. ನನ್ನ ಹೆಸರು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವಳು ನಾನು. ನಾಲ್ಕು ಸಲ ಸೋಪು ಹಾಕಿ ನೋಡಿದ್ದೀನಿ, ನೀವೇ ದೀಪ ಹಿಡಿದಿದ್ರಿ, ಒಂದು ಗುಳ್ಳೆ ಬರಲಿಲ್ಲ, ಈಗ ನನ್ನ ತಲೆಗೆ ಕಟ್ತೀರಾ, ಸುಳ್ಳುಗಾರ ಎಂದು ಗೋದಾಮಿನ ಸಾಹುಕಾರರು, ಅವರ ಪಾಲುದಾರರು, ಲಾರಿಯವರು ಎಲ್ಲರ ಎದುರಿಗೆ ಕೂಗಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಾನು ಉಣ್ಣಲೂ ಇಲ್ಲ, ಮಲಗಲೂ ಇಲ್ಲ. ಆ ಸಂಜೆಯೇ ಸಾಮಾನು ಕಟ್ಟಿಕೊಂಡು ನಮ್ಮ ಅಕ್ಕನ ಮನೆಗೆ ಹೊರಟುಬಿಟ್ಟೆ.

ಇಲ್ಲಿ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಬಿಸಿಯಲ್ಲಿ ಸೋರದ್ದು ತಣ್ಣಗಾದಾಗ ಸೋರಿತು, ಪಾಪ ಅವಳಿಗೇನು ಗೊತ್ತಿತ್ತು, ಇಬ್ಬರೂ ನಿಜವನ್ನೇ ಹೇಳಿದ್ದರು ಎಂದು ನೀವೂ ನಿಟ್ಟುಸಿರು ಬಿಡುತ್ತೀರಿ. ಮೊದಲು ಹರಿದ ಹಾಳೆಯಲ್ಲಿ ಹಾಗೆಯೇ ಬರೆದಿದ್ದೆ. ಅರ್ಧ ನಿಜ ಅದು. ಇನ್ನರ್ಧ ಇಲ್ಲಿದೆ.

ಹದಿನೇಳನೆಯದು ಕೈತಪ್ಪು. ಗೋದಾಮಿನದು ಕೈತಪ್ಪಲ್ಲ. ತಾಮ್ರವನ್ನು ಉಕ್ಕಿಗೆ ಬೆಸೆಯಲು ಬೆಳ್ಳಿ ಬೆರೆತ ಬೆಸುಗೆ ಕಡ್ಡಿಯೇ ಆಗಬೇಕು, ತಾಮ್ರದ ಕಡ್ಡಿ ಹಾಕಿದರೆ ಬೆಸುಗೆ ಗಾಜಿನಂತೆ ಪೆಡಸಾಗುತ್ತದೆ ಎಂದು ನಮ್ಮ ಕಸುಬಿನಲ್ಲಿ ಮೊದಲ ವಾರವೇ ಕಲಿಸುತ್ತಾರೆ. ಬೆಳ್ಳಿ ಕಡ್ಡಿ ಮುಗಿದಿತ್ತು. ತರಿಸಬೇಕಾದವಳು ನಾನು, ಮರೆತಿದ್ದೆ. ಅಂದು ಮುಗಿಸಿಕೊಡುತ್ತೇವೆಂದು ನೀವು ಸಾಹುಕಾರರಿಗೆ ಮಾತು ಕೊಟ್ಟಿದ್ದಿರಿ. ಕಡ್ಡಿಯಿಲ್ಲ ಎಂದು ಒಂದು ಮಾತು ಹೇಳಿದ್ದರೆ ನೀವು ಸೈಕಲ್ಲು ಹತ್ತಿ ಹೋಗಿ ತರುತ್ತಿದ್ದಿರಿ, ಒಂದು ಗಂಟೆಯ ಕೆಲಸ. ಮರೆತೆ ಎಂದು ಹೇಳಲು ನಾಲಿಗೆ ಬರಲಿಲ್ಲ. ನೀವು ಮೀಟರು ತರಲು ಆಚೆ ಹೋದಾಗ ತಾಮ್ರದ ಕಡ್ಡಿಯಲ್ಲೇ ಬೆಸೆದು, ಮೇಲೆ ಬಣ್ಣ ಬಳಿದುಬಿಟ್ಟೆ. ಸಣ್ಣ ಜಾಯಿಂಟು, ತಡೆಯುತ್ತದೆ ಎಂದುಕೊಂಡೆ. ಆಮೇಲೆ ನಾಲ್ಕು ಸಲ ಸೋಪು ಹಾಕಿದ್ದೇಕೆ? ಒಳ್ಳೆಯ ಜಾಯಿಂಟಿಗೆ ನಾನು ಯಾವತ್ತಾದರೂ ಎರಡನೆಯ ಸಲ ಹಾಕಿದ್ದುಂಟೇ? ಗುಳ್ಳೆ ಬರದಿದ್ದಾಗ ನಾನೇ ಗೆದ್ದೆನೆಂದುಕೊಂಡೆ. ಒಂದು ವಾರದ ಮೇಲೆ, ಅಂಗಳದಲ್ಲಿ ಕೂಗುತ್ತಿದ್ದಾಗಲೂ ಆ ಗುಳ್ಳೆ ಬಾರದ ಸಾಕ್ಷಿಯನ್ನೇ ಹಿಡಿದುಕೊಂಡಿದ್ದೆ.

ನೀವು ಗೋದಾಮಿನವರ ವರದಿಯಲ್ಲಿ ತಪ್ಪು ನಿಮ್ಮದೆಂದು ಸಹಿ ಮಾಡಿದಿರೆಂದು ಮಗಳು ಒಂದು ತಿಂಗಳಲ್ಲೇ ಹೇಳಿದಳು. ಅದಕ್ಕೆ ನಾನು ಏನೆಂದೆ ಗೊತ್ತೇ? ನೋಡು, ಅವರೇ ಒಪ್ಕೊಂಡ್ರು ಎಂದೆ. ಆ ಸಹಿಯಿಂದ ನಿಮಗೆ ದೊಡ್ಡ ಗೋದಾಮುಗಳ ಕೆಲಸ ನಿಂತುಹೋಗಿ, ನೀವು ಮನೆ ಮನೆಯ ಫ್ರಿಜ್ಜಿಗೆ ಇಳಿದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಕ್ಕನ ಎದುರು ನನ್ನ ಮಾತೇ ನಿಜವಾಯಿತೆಂದು ಹೇಳಿಕೊಂಡು ಓಡಾಡಿದೆ. ಈ ಪತ್ರದಲ್ಲಿ ಬರೆಯಲು ತೀರ ಕಷ್ಟವಾದ ಸಾಲು ಇದೇ. ಬರೆದಾಯಿತು.

ಯಂತ್ರ ಸರಿಹೋಗಿ ಬುಧವಾರಕ್ಕೆ ಪೂರ್ತಿ ತಣ್ಣಗಾಯಿತು. ಅತ್ತೆಮ್ಮ ಹಟ ಬಿಟ್ಟಳು, ಕಂಪ್ಯೂಟರು ಲೆಕ್ಕ ಮಾಡುತ್ತಿದೆ, ಡಾಕ್ಟರಮ್ಮ ಕುಣಿಯುತ್ತಿದ್ದಾಳೆ. ನಿನ್ನೆ ಶನಿವಾರ ಗೋದಾಮಿಗೆ ಹೋಗಿದ್ದೆ. ಸಾಹುಕಾರರು ಸಣ್ಣಗಾಗಿದ್ದಾರೆ, ಕೋಲು ಹಿಡಿದಿದ್ದಾರೆ. ನಡೆದದ್ದನ್ನು ಹೇಳಿ, ಹಳೆಯ ವರದಿ ಇದ್ದರೆ ಕೊಡಿ, ಅದರ ಕೆಳಗೆ ಬರೆದು ಸಹಿ ಮಾಡುತ್ತೇನೆ ಎಂದೆ. ಅವರು ನಕ್ಕರು. ಅಯ್ಯೋ ತಾಯಿ, ನಂಗೆ ಅವತ್ತೇ ಗೊತ್ತಿತ್ತು, ನೀವು ಕೂಗಾಡಿ ಹೋದ್ಮೇಲೆ ನಿಮ್ಮ ಯಜಮಾನ್ರು ಗರಗಸ ತಗೊಂಡು ಆ ತುಂಡು ಕೊಯ್ದು, ಬಣ್ಣ ಕೆರೆದು ನೋಡಿ ಜೇಬಿಗೆ ಹಾಕ್ಕೊಂಡ್ರು, ಏನಯ್ಯಾ ಅಂದ್ರೆ ಕಡ್ಡಿ ತಪ್ಪಾಗಿದೆ, ಬೇರೆ ಯಾರೂ ನೋಡೋದು ಬೇಡ, ನನ್ನ ಹೆಸ್ರು ಬರ್ಕೊಳ್ಳಿ ಅಂದ್ರು ಎಂದರು. ಕಾಗದದಲ್ಲಿ ನಿಮ್ಮ ಹೆಸರಿದ್ದದ್ದರಿಂದ ಪಾಲುದಾರರು ನಿಮ್ಮನ್ನು ಮತ್ತೆ ಕರೆಯಲು ಒಪ್ಪಲಿಲ್ಲವಂತೆ.

ಆಗ ನನಗೊಂದು ನೆನಪಾಯಿತು. ಆ ಸಂಜೆ ನಾನು ಪೆಟ್ಟಿಗೆ ತುಂಬುತ್ತಿದ್ದಾಗ ನೀವು ಬಾಗಿಲಿಗೆ ಒರಗಿ ನಿಂತಿದ್ದಿರಿ, ಬಲಗೈ ಜೇಬಿನಲ್ಲಿ. ಹೋಗುವವಳನ್ನು ತಡೆಯಲು ಕೈ ಹೊರಗೂ ತೆಗೆಯುವುದಿಲ್ಲವಲ್ಲ, ಎಂಥ ಅಹಂಕಾರ ಎಂದುಕೊಂಡು ಹೊರಟಿದ್ದೆ. ಆ ಕೈಯಲ್ಲಿ ಏನಿತ್ತೆಂದು ನಿನ್ನೆ ತಿಳಿಯಿತು. ತೆಗೆದು ತೋರಿಸಿದ್ದರೆ ಸಾಕಿತ್ತಲ್ಲ ಎಂದು ಸಿಟ್ಟೂ ಬಂತು. ಆದರೆ ನೀವು ತೋರಿಸಿದ್ದರೆ ನಾನು ನಿಲ್ಲುತ್ತಿದ್ದೆನೋ, ಇನ್ನೂ ಜೋರಾಗಿ ಬಾಗಿಲು ಬಡಿದು ಹೋಗುತ್ತಿದ್ದೆನೋ, ನನ್ನನ್ನು ಬಲ್ಲವರು ನೀವು.

ವರದಿಯ ಕೆಳಗೆ ನನ್ನ ಕೈಬರಹದಲ್ಲಿ ಬರೆದು ಸಹಿ ಹಾಕಿ ಬಂದಿದ್ದೇನೆ. ಪಾಲುದಾರರಿಗೂ ಒಂದು ಪ್ರತಿ ಕೊಟ್ಟಾಯಿತು. ಹೊಸ ಯಂತ್ರ ಹಾಕಿಸುವವರಿದ್ದಾರೆ, ನಿಮಗೆ ಹೇಳಿಕಳಿಸುತ್ತಾರೆ. ಬಿಗುಮಾನ ಮಾಡದೆ ಹೋಗಿ.

ಇಷ್ಟೇ ವಿಷಯ. ಮನೆಗೆ ಬನ್ನಿ ಎಂದು ನಾನು ಬರೆಯುತ್ತಿಲ್ಲ, ಬರುತ್ತೇನೆ ಎಂದೂ ಬರೆಯುತ್ತಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬುದು ನನಗೂ ಗೊತ್ತು. ನಿಮ್ಮ ಹೆಸರು ಸರಿಹೋದರೆ ಸಾಕು. ಉತ್ತರ ಬರೆಯಲೇಬೇಕೆಂದಿಲ್ಲ. ಮಂಡಿ ನೋವಿಗೆ ಬಿಸಿನೀರಿನ ಶಾಖ ಕೊಡಿ, ಒದ್ದೆ ನೆಲದ ಮೇಲೆ ಕೂತು ಕೆಲಸ ಮಾಡಬೇಡಿ.

ಇಂತಿ,
ತಾನು ಹಿಡಿದ ಮೊಲಕ್ಕೆ ನಾಲ್ಕು ಕಾಲೆಂದು ಒಪ್ಪಿಕೊಂಡ
ಕಿಡಿ

ತಾ.ಕ.: ಮಂಗಳವಾರ. ಮೇಲಿನದನ್ನು ಬರೆದು ಎರಡು ದಿನವಾಯಿತು. ಅಂಚೆಪೆಟ್ಟಿಗೆಗೆ ಹಾಕಲೆಂದು ಹೊರಟವಳು ಬಸ್ಸು ಹತ್ತಿಬಿಟ್ಟೆ. ಈಗ ನಿಮ್ಮ ಅಂಗಡಿಯ ಎದುರಿನ ಟೀ ಅಂಗಡಿಯಲ್ಲಿ, ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬರುತ್ತೇನೆ ಎಂದು ಬರೆಯುತ್ತಿಲ್ಲ ಎಂದು ಮೇಲಿದೆಯಲ್ಲ, ಆ ಸಾಲನ್ನು ಹೊಡೆದುಹಾಕಿಕೊಳ್ಳಿ. ನೀವು ಯಾರದೋ ಫ್ರಿಜ್ಜಿನ ಹಿಂದೆ ತಲೆ ತೂರಿಸಿ ಕೂತಿದ್ದೀರಿ, ಮುಕ್ಕಾಲು ಗಂಟೆಯಿಂದ ಬೆನ್ನು ಮಾತ್ರ ಕಾಣುತ್ತಿದೆ. ಈ ಲಕೋಟೆ ತಂದುಕೊಡುವವರು ಟೀ ಅಂಗಡಿಯಾಕೆ. ಅವರನ್ನು ಏನೂ ಕೇಳಬೇಡಿ, ಅವರಿಗೇನೂ ಗೊತ್ತಿಲ್ಲ. ನೀವು ತುಟಿ ಅಲ್ಲಾಡಿಸಿಕೊಂಡು ನಿಧಾನವಾಗಿ ಓದುವವರು, ಅಷ್ಟು ಹೊತ್ತು ಕಾಯುತ್ತೇನೆ. ಎರಡು ಟೀ ಹೇಳಿದ್ದೇನೆ. ನಿಮ್ಮದಕ್ಕೆ ಸಕ್ಕರೆ ಹಾಕಿಸಿಲ್ಲ. ಈಗ ಎಷ್ಟು ಚಮಚ ಹಾಕಿಕೊಳ್ಳುತ್ತೀರೋ ನನಗೆ ಗೊತ್ತಿಲ್ಲ.